ಮೇಷ್ಟ್ರ ಮಗಳ ಕೋಶ

ಆಂಡಾಳು,

ನಮ್ಮ ಮಧುರಾ ಇವತ್ತು ಪಿಎಚ್.ಡಿ. ಮುಗಿಸಿದಳು ಕಣೇ! ಈಸ್ಟ್ರೋಜನ್ ಬಂದೊಡನೆ ಗರ್ಭಕೋಶದಲ್ಲಿ ಯಾವ ಕಿಣ್ವ ಚುರುಕಾಗುತ್ತೆ, ಯಾವುದು ತೆಪ್ಪಗಾಗುತ್ತೆ ಅಂತ ತುಂಬಿದ ಸಭೆಗೆ ವಿವರಿಸಿದಳು. ನೀನು ಒಳಗೆ ಬಂದೊಡನೆ ನಾನು ಎರಡೂ ಆಗ್ತಿದ್ದದ್ದು ನೆನಪಾಯಿತು.

ಐದು ವರ್ಷದಿಂದ ಯಾರು ಕೇಳಿದರೂ "ಮಗಳು ಕೋಶದ ಮೇಲೆ ಸಂಶೋಧನೆ ಮಾಡ್ತಿದಾಳೆ" ಅಂತ ಜಾರಿಕೊಳ್ಳುತ್ತಿದ್ದೆ. ಕನ್ನಡ ಮೇಷ್ಟ್ರ ಮಗಳು ನೋಡು, ಮಲ್ಲೇಶ್ವರವೆಲ್ಲ ನಿಘಂಟು ಅಂದುಕೊಂಡಿತ್ತು.

ಸಂಜೆ ಪೇಡ ಹಂಚುವಾಗ ಎದುರುಮನೆ ವರದರಾಜ, "ಪದಕೋಶ ಮುಗೀತಾ ಮೇಷ್ಟ್ರೇ?" ಅಂದ.

"ಪದಕೋಶ ಅಲ್ಲಯ್ಯ, ಗರ್ಭಕೋಶ!" ಅಂದೆ, ಇಡೀ ಬೀದಿಗೆ ಕೇಳಿಸೋ ಹಾಗೆ.

ಮಧುರಾ ನಕ್ಕಳು. "ಅಪ್ಪಾ, ಮೈಕ್ ಬೇಕಾ?"

ಎಷ್ಟು ಸಲೀಸಾಗಿ ಬಂತು ಆ ಪದ. ನೀನಿದ್ದಾಗ, ಡಾಕ್ಟರ ಹತ್ತಿರ ಹೋದಾಗಲೆಲ್ಲ, ನೀನು ಬಾಯಿ ತೆರೆಯೋ ಮೊದಲೇ ನಾನು "ಬರೀ ಹೊಟ್ಟೆನೋವು" ಅಂದುಬಿಡುತ್ತಿದ್ದೆ.