ಸಮವಲ್ಲದ ತ್ರಿಕೋನ

ಮಾರ್ಚ್ ೧೪, ಊಟದ ಬಿಡುವು

ನಮ್ಮ ಪೆನ್ಸಿಲ್‌ನ ಅಮ್ಮನಿಗೆ, ಅವಳ ಮೇಡಂ ಮಾಡುವ ನಮಸ್ಕಾರಗಳು.

ನಿಮ್ಮನ್ನು ಅಕ್ಕ ಎಂದು ಕರೆಯುವ ಹಕ್ಕು ನನಗಿದೆಯೋ ಇಲ್ಲವೋ, ಕರೆಯುತ್ತೇನೆ. ಅಕ್ಕಾ, ನಿಮ್ಮ ಪತ್ರ ಬಂದು ಹತ್ತೊಂಬತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದಿದ್ದೇನೆ. ಕಡೆಯ ಜ್ವರದಲ್ಲಿ ಅವಳು, “ಒಂದ್ ಬದಿ ಉದ್ದ ಇತ್ತಮ್ಮ, ನಾನೇ ಸಮ ಮಾಡ್ಬಿಟ್ಟೆ” ಎಂದು ಅತ್ತದ್ದನ್ನು ಬರೆದಿದ್ದೀರಿ. ಅದೇನು, ನನ್ನ ಮಗಳು ಮಾಡಿದ ತಪ್ಪಾದರೂ ಏನು ಎಂದು ಕೇಳಿದ್ದೀರಿ. ಎರಡೇ ದಿನದ ಜ್ವರಕ್ಕೆ ಮಗಳನ್ನು ಕಳೆದುಕೊಂಡವರಿಗೆ ಅಷ್ಟಾದರೂ ಗೊತ್ತಾಗಬೇಕು.

ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಸವೆಸಿದ ನಿಮಗೆ ಅಳತೆಯ ಮಾತು ಹೊಸದಲ್ಲ. ನನ್ನ ಪ್ರಯೋಗಾಲಯದಲ್ಲಿ ಅವಳು ಸಂಶೋಧನೆಗೆ ಹಿಡಿದಿದ್ದ ಪುಡಿ ನೋಡಲು ಕಾಡಿಗೆಯಷ್ಟು ಕಪ್ಪು. ಅದರ ಹರಳಿನೊಳಗೆ ಪರಮಾಣುಗಳು ತ್ರಿಕೋನ ತ್ರಿಕೋನವಾಗಿ ಕೂತಿರುತ್ತವೆ. ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಪಕ್ಕದವನು ಮೇಲೆ ನೋಡಿದರೆ ನಾನು ಕೆಳಗೆ ನೋಡಬೇಕು ಎಂಬುದು ಪ್ರತಿಯೊಂದರ ಹಟ. ಇಬ್ಬರೇ ಆದರೆ ಹೇಗೋ ಹೊಂದಿಕೊಳ್ಳುತ್ತಾರೆ. ಮೂರನೆಯವನು ಯಾರ ಮಾತು ಕೇಳಬೇಕು? ಅವನ ಪಾಡು ಯಾರಿಗೂ ಬೇಡ. ವಿಪರೀತ ತಣ್ಣಗೆ ಮಾಡಿದಾಗ ಕಡೆಗೂ ಅವೆಲ್ಲ ಒಂದು ಕ್ರಮಕ್ಕೆ ಬರುತ್ತವೆ. ಆಗ ಹರಳೇ ತನ್ನ ಆಕಾರ ಬಿಟ್ಟುಕೊಡುತ್ತದೆ; ತ್ರಿಕೋನದ ಒಂದು ಬದಿ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಎಕ್ಸ್-ರೇ ಹಾಯಿಸಿದರೆ ಮೂಡುವ ಏರಿಳಿತದ ಗೆರೆಯ ನಕ್ಷೆಯಲ್ಲಿ ಒಂದಿದ್ದ ಶಿಖರ ಎರಡಾಗಿ ಕಾಣುತ್ತದೆ.

ನಿಮ್ಮ ಮಗಳು ಅದನ್ನು ಕಂಡಳು. ಮೂರು ಸಲ ನಕ್ಷೆ ಹಿಡಿದು ನನ್ನ ಕೋಣೆಗೆ ಬಂದಳು. ಮೈಮೇಲೆ ನೀವು ಹೊಲಿದುಕೊಟ್ಟ ಕೋಟು, ಪೆನ್ಸಿಲ್ಲುಗಳಿಗೆಂದೇ ಅದಕ್ಕೆ ನಾಲ್ಕು ಜೇಬು. ನಾವೆಲ್ಲ ಅವಳಿಗೆ ಪೆನ್ಸಿಲ್ ಎಂದು ಹೆಸರಿಟ್ಟದ್ದೂ ಅದಕ್ಕೇ. “ಮೇಡಂ, ಇನ್ನೊಂದ್ಸಲ ನೋಡ್ತೀರಾ?” ಎಂದಳು. ಪುಡಿ ಅಂಟಿಸುವ ಗ್ರೀಸ್ ಚಳಿಗೆ ಗಟ್ಟಿಯಾಗಿ ಹರಳನ್ನು ಹಿಂಡಿರಬೇಕು ಎಂದೆ. ಲೆಕ್ಕ ಹಾಕುವ ಪ್ರೋಗ್ರಾಮಿನಲ್ಲಿ ‘ಬದಿಗಳು ಸಮ’ ಎಂಬ ಚೌಕಕ್ಕೆ ಗುರುತು ಹಾಕಿಬಿಡು, ಎರಡೂ ಸೇರಿ ಒಂದು ದಪ್ಪ ಶಿಖರವಾಗುತ್ತದೆ, ವರದಿ ಮುಗಿಸು ಎಂದೆ. ಮೂರನೆಯ ಸಲ ದನಿ ಏರಿಸಿಯೇ ಹೇಳಿದೆ. ಅವಳು ಗುರುತು ಹಾಕಿದಳು. ಅದಾಗಿ ಹನ್ನೊಂದನೆಯ ದಿನ ಜ್ವರ ಬಂತು.

ಈಗ ಪ್ರಯೋಗಾಲಯಕ್ಕೆ ಹೋಗಲು ಹೆದರಿಕೆಯಾಗುತ್ತದೆ ಅಕ್ಕಾ. ನಗಬೇಡಿ. ತಂಪು ಮಾಡುವ ಯಂತ್ರದ ಪಂಪು ಇಡೀ ದಿನ ಒಂದೇ ಸಮನೆ ಬಡಿದುಕೊಳ್ಳುತ್ತದೆ. ಅದು ನಿಂತ ಕೂಡಲೇ ನನ್ನ ಹಿಂದಿನಿಂದ ಅದೇ ಪ್ರಶ್ನೆ ಕೇಳಿಸುತ್ತದೆ, ಇನ್ನೊಂದ್ಸಲ ನೋಡ್ತೀರಾ ಎಂದು. ನಡುಹಗಲು, ಸುತ್ತ ನಾಲ್ಕು ಜನ ಇರುತ್ತಾರೆ. ಯಾರೂ ತಲೆ ಎತ್ತುವುದಿಲ್ಲ. ಅವಳ ಕುರ್ಚಿಯನ್ನು ಬೇರೆ ಕೋಣೆಗೆ ಸಾಗಿಸಿದೆ. ಮರುದಿನ ನೋಡಿದರೆ ಅದು ಇದ್ದ ಜಾಗವನ್ನು ಸುತ್ತಿಕೊಂಡು ಓಡಾಡುತ್ತಿದ್ದೆ.

ಹೋದ ವಾರ ಕೊನೆಗೂ ನೋಡಿದೆ. ಗ್ರೀಸ್ ಇಲ್ಲದೆ, ನನ್ನ ಕೈಯಾರೆ. ಸೊನ್ನೆಗಿಂತ ಇನ್ನೂರ ಐವತ್ತು ಡಿಗ್ರಿ ಕೆಳಗೆ, ಅಯಸ್ಕಾಂತಗಳು ಕ್ರಮಕ್ಕೆ ಬಂದ ಅದೇ ಘಳಿಗೆಗೆ ಶಿಖರ ಸೀಳಿತು. ಬಿಸಿ ಮಾಡಿದೆ, ಕೂಡಿತು. ಆರು ಸಲ ಮಾಡಿದೆ. ಅವಳ ಕಣ್ಣು ಸರಿಯಾಗಿತ್ತು, ಗಮನ ತಪ್ಪಿದ್ದು ನನ್ನದು. ಅವಳ ಹೆಸರನ್ನೇ ಮೊದಲಿಟ್ಟು ಪ್ರಬಂಧ ಬರೆಯುತ್ತಿದ್ದೇನೆ. ನಿಮ್ಮ ಮಗಳು ತಪ್ಪು ಮಾಡಲಿಲ್ಲ. ನನ್ನ ಮಾತು ನಂಬಿದಳು, ಅಷ್ಟೇ. ಸಾಧ್ಯವಾದರೆ ಕ್ಷಮಿಸಿ.

ಇಂತಿ ನೊಂದ,
ನಿಮ್ಮ ಮಗಳ ಮೇಡಂ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಗಮನ ತಪ್ಪಿತು ಎಂದು ಬರೆದದ್ದು ಸುಳ್ಳು. ಇಪ್ಪತ್ತೆರಡು ವರ್ಷದ ಕೆಳಗೆ ಇದೇ ಪುಡಿಯಲ್ಲಿ ಆ ಎರಡು ಶಿಖರಗಳನ್ನು ನಾನೂ ಕಂಡಿದ್ದೆ. ಪದವಿಗೆ ಅವಸರವಿತ್ತು, ಸಮ ಮಾಡಿದೆ. ಈ ಹರಳು ಎಷ್ಟು ತಣ್ಣಗಾದರೂ ಅದರ ಬದಿಗಳು ಸಮ ಎಂದು ಲೋಕಕ್ಕೆ ಹೇಳಿದವಳು ನಾನೇ. ಈ ಹುದ್ದೆ, ಈ ಹೆಸರು ಎಲ್ಲ ಅದರಿಂದ ಬಂದದ್ದು. ಅವಳು ನಕ್ಷೆಯನ್ನು ಮೇಜಿನ ಮೇಲಿಟ್ಟಾಗ, ಬಾಯಿ ತೆರೆಯುವ ಮೊದಲೇ ನನಗೆ ಅದರ ಗುರುತು ಸಿಕ್ಕಿತ್ತು. ಗೊತ್ತಿದ್ದೇ ಗದರಿಸಿದೆ. ಇದನ್ನೆಲ್ಲ ವಿಭಾಗದ ಮುಖ್ಯಸ್ಥರಿಗೂ ಬರೆದಿಟ್ಟಿದ್ದೇನೆ, ಕೊಡಲು ಕೈ ಬಂದಿಲ್ಲ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಅಕ್ಕಾ, ಅದಕ್ಕೇ ಅವರ ವಿಳಾಸವನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ಈ ಪತ್ರವನ್ನು ನೀವೇ ಅವರಿಗೆ ಕಳಿಸಿ.