ಇಡ್ಲಿ ಯಾವ ದೇಶದ ಸರಕು

ಸಚಿನ್ ಕೈಗಾರಿಕಾ ಪ್ರದೇಶ, ಸೂರತ್
11 ಅಕ್ಟೋಬರ್ 2025

ನಿಶ್ಚಿತಾಳ ಅಪ್ಪನಿಗೆ ರುಕ್ಮಿಣಿಯ ನಮಸ್ಕಾರಗಳು.

ಆರೋಗ್ಯ ಹೇಗಿದೆ? ದುಬೈಯ ಏಸಿ ಗಾಳಿಗೆ ನಿಮ್ಮ ಕೆಮ್ಮು ಮತ್ತೆ ಶುರುವಾಗಿರುತ್ತದೆ ಎಂದು ನನಗೆ ಗೊತ್ತು, ನೀವು ಹೇಳುವುದಿಲ್ಲ ಅಷ್ಟೆ. ಪಕ್ಕದ ಮನೆಯ ರಾಘವ ನಾಳೆ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಷಾಯದ ಪುಡಿ ಕಳಿಸುತ್ತಿದ್ದೇನೆ. ಹಾಲು ಹಾಕಿ ಕುಡಿಯಿರಿ, ಬೆಲ್ಲ ಹಾಕಬೇಡಿ. ಶುಗರ್ ಮಾತ್ರೆ ಊಟಕ್ಕೆ ಮೊದಲು, ಊಟ ಮುಗಿದು ನೆನಪಾದಾಗ ಅಲ್ಲ. ಕೃಷ್ಣರಾಜ ಭಾವನ ಮನೆಯಲ್ಲಿ ಎಲ್ಲರೂ ಕ್ಷೇಮವೇ? ಅಕ್ಕನ ಮಂಡಿನೋವು ಈಗ ಹೇಗಿದೆ ಎಂದು ವಿಚಾರಿಸಿದೆನೆಂದು ಹೇಳಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಮಗಳೂ ವಡೋದರಾದಲ್ಲಿ ಚೆನ್ನಾಗಿದ್ದಾಳೆ, ಅವಳ ಕನ್ನಡ ಮಾತ್ರ ಇನ್ನಷ್ಟು ಕೆಟ್ಟಿದೆ.

ಫೋನಿರುವಾಗ ಪತ್ರ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನಾನು ಮೂರನೇ ಮಾತಿಗೆ ಬರುವ ಮೊದಲೇ ನೀವು "ಎಂತ ಮಾಡೂದ್ ಮಾರಾಯ್ತಿ, ಅಲ್ಲಿ ಸುಂಕ ಹಾಕ್ರೆ ಇಲ್ಲ್ ನಮ್ಮ್ ಬಾಗ್ಲ್ ಮುಚ್ಚುದೇ" ಎಂದು ಮುಗಿಸಿಬಿಡುತ್ತೀರಿ. ಆಮೇಲೆ ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಬಾಯಲ್ಲೇ ಉಳಿಯುತ್ತದೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ, ಫ್ಯಾಕ್ಟರಿಯ ಆಫೀಸಿನಲ್ಲಿ ನಿಮ್ಮ ಕುರ್ಚಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ. ಇಷ್ಟು ದಿನ ಅದರಲ್ಲಿ ಹೇಗೆ ಕುಳಿತಿದ್ದಿರೋ.

ಅಮೆರಿಕದವರು ಆಗಸ್ಟ್‌ನಲ್ಲಿ ನಮ್ಮ ದೇಶದ ಸರಕಿನ ಮೇಲೆ ಶೇಕಡ ಐವತ್ತು ಸುಂಕ ಹೇರಿದ ಮೇಲೆ ನಮ್ಮ ಫ್ರೋಜನ್ ಇಡ್ಲಿಗೆ ಬಂದ ಗತಿ ನಾನು ಕಾಣದ್ದೇನಲ್ಲ. ನ್ಯೂಜೆರ್ಸಿಯ ಸಗಟು ವ್ಯಾಪಾರಿ ಅರ್ಧ ಸುಂಕ ನೀವೇ ಹೊರಿ ಎಂದ, ಆಗುವುದಿಲ್ಲ ಎಂದದ್ದಕ್ಕೆ ಆರ್ಡರನ್ನೇ ನಿಲ್ಲಿಸಿದ. ಕಳಿಸಲು ಸಿದ್ಧವಾಗಿದ್ದ ಡಬ್ಬಗಳನ್ನು ನೋಡುತ್ತಾ ನೀವು ಕೋಲ್ಡ್ ರೂಮಿನ ಬಾಗಿಲಲ್ಲಿ ಸ್ವೆಟರ್ ಇಲ್ಲದೆ ನಿಂತಿದ್ದಿರಿ, ನಾನು ಕೈಹಿಡಿದು ಎಳೆದು ತರಬೇಕಾಯಿತು. ಅವತ್ತು ನಿಮ್ಮ ಮುಖ ನೋಡಿ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಆದ್ದರಿಂದಲೇ ಭಾವ ದುಬೈಯಿಂದ ಫೋನ್ ಮಾಡಿ, ಇಲ್ಲಿಗೆ ಬನ್ನಿ, ಇಲ್ಲಿಂದ ಹೋದರೆ ಸುಂಕ ಬರೀ ಹತ್ತು ಎಂದಾಗ ನಾನು ಅಡ್ಡ ಬರಲಿಲ್ಲ. ಹೋಗಿ ನೋಡಿ ಬನ್ನಿ ಎಂದೆ. ನೋಡಿ ಬರುವುದಕ್ಕೆ ಹೋದವರು ಅಲ್ಲೇ ಶೆಡ್ ಗೊತ್ತುಮಾಡಿ, ಸೂರತ್ತಿನ ಯಂತ್ರವನ್ನೇ ಬಿಚ್ಚಿ ತರಿಸಲು ಹೊರಡುತ್ತೀರಿ ಎಂದು ನನಗೇನು ಗೊತ್ತು.

ಮೊದಲು ನೀವು ಹೇಳಿದ್ದು ಬೇರೆಯೇ ಇತ್ತು. ಹಿಟ್ಟು ಇಲ್ಲೇ ರುಬ್ಬುವುದು, ಫ್ರೀಜ್ ಮಾಡಿ ಹಡಗಿಗೆ ಹಾಕುವುದು, ಅಲ್ಲಿ ಬೇಯಿಸಿ ಅವರ ದೇಶದ ಹೆಸರಿನ ಡಬ್ಬಕ್ಕೆ ತುಂಬುವುದು ಎಂದಿರಿ. ಆಗಲೇ ನಾನು ಕೇಳಿದ್ದೆ, ಸೂರತ್ತಿನಲ್ಲಿ ರುಬ್ಬಿ, ದಾರಿಯಲ್ಲಿ ಮರಗಟ್ಟಿ, ದುಬೈಯಲ್ಲಿ ಬೆಂದ ಇಡ್ಲಿ ಯಾವ ದೇಶದ ಸರಕು ಎಂದು. ನೀವು ನಕ್ಕಿರಿ. ಆಮೇಲೆ ಅಲ್ಲಿನ ಕನ್ಸಲ್ಟೆಂಟೂ ಅದನ್ನೇ ಹೇಳಿದನಂತೆ, ಬರೀ ಬೇಯಿಸಿದ್ದಕ್ಕೆ ಅಮೆರಿಕದ ಕಸ್ಟಮ್ಸ್‌ನವರು ಒಪ್ಪುತ್ತಾರೆಂಬ ಭರವಸೆ ಇಲ್ಲ, ಅಕ್ಕಿ ನೆನೆಸುವುದರಿಂದ ಹಿಡಿದು ಎಲ್ಲವೂ ಅಲ್ಲೇ ಆಗಬೇಕು ಎಂದು. ಅವನಿಗೆ ಫೀಸು ಕೊಟ್ಟಿರಿ, ನನಗೆ ಒಂದು ಲೋಟ ಚಹಾ ಕೂಡ ಸಿಗಲಿಲ್ಲ. ಹಾಗಾಗಿ ಈಗ ರುಬ್ಬುವ ಯಂತ್ರ, ಸ್ಟೀಮರ್, ಫ್ರೀಜರ್ ಎಲ್ಲವೂ ಹಡಗು ಹತ್ತಬೇಕು, ಇಲ್ಲಿನ ಬಾಗಿಲಿಗೆ ಬೀಗ ಬೀಳಬೇಕು.

ನನ್ನದೊಂದು ಪ್ರಶ್ನೆ ಇದೆ, ಓದಿ ಮುಗಿಸುವವರೆಗೆ ಸಿಟ್ಟಾಗಬೇಡಿ. ಇವತ್ತು ದುಬೈಗೆ ಹತ್ತು, ನಮಗೆ ಐವತ್ತು. ಮುಂದಿನ ವರ್ಷ ಅವರಿಗೂ ಮೂವತ್ತು ಮಾಡಿದರೆ? ನಮ್ಮದನ್ನು ಇಳಿಸಿದರೆ? ಆಗ ಯಂತ್ರ ಹೊತ್ತುಕೊಂಡು ಇನ್ನೊಂದು ಊರಿಗೆ ಹೋಗುವುದೇ? ನಾವೇನು ಸರ್ಕಸ್ ಕಂಪನಿಯೇ, ಟೆಂಟು ಕಿತ್ತು ಊರೂರು ಸುತ್ತಲು? ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡದ್ದೇ ನಮ್ಮ ತಪ್ಪು. ಆ ಒಬ್ಬ ಗಿರಾಕಿಯನ್ನು ಉಳಿಸಿಕೊಳ್ಳಲು ಮನೆಯನ್ನೇ ಎತ್ತಿಕೊಂಡು ಹೋದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಆದರೆ ಸ್ಟೇಷನ್ ಹತ್ತಿರ ಹೋಟೆಲು ನಡೆಸಿದ್ದೇನೆ. ಪಕ್ಕದ ಮಿಲ್ಲು ಬೇರೆ ಕಡೆಗೆ ಹೋಗಿ ಊಟದ ಆರ್ಡರ್ ತಪ್ಪಿದ ವರ್ಷ ನೀವು ಹೋಟೆಲನ್ನು ಮಿಲ್ಲಿನ ಹಿಂದೆ ಒಯ್ಯಲಿಲ್ಲ, ಬೆಳಗಿನ ತಿಂಡಿಗೆ ಬೇರೆ ಜನರನ್ನು ಕರೆದಿರಿ.

ಈಗ ಸುದ್ದಿ. ನವರಾತ್ರಿಗೆ ನಿಶ್ಚಿತಾ ಕರೆದಳೆಂದು ವಡೋದರಾದ ಮಂಜಲ್‌ಪುರಕ್ಕೆ ಹೋಗಿದ್ದೆ. ಅವಳ ಮನೆಯೊಡತಿ ಪ್ರಜ್ಞಾಬೆನ್‌ಳ ಅಣ್ಣ ಜಯಂತಿಭಾಯಿ ಲೆಸ್ಟರ್‌ನಿಂದ ಗರ್ಬಾ ನೋಡಲು ಬಂದಿದ್ದರು. ಇಂಗ್ಲೆಂಡಿನಲ್ಲಿ ಅವರದು ಫ್ರೋಜನ್ ತಿಂಡಿಗಳ ಸಗಟು ವ್ಯಾಪಾರ. ಇದು ಗೊತ್ತಾದದ್ದೇ ನಿಮ್ಮ ಮಗಳು ನನ್ನ ಕಿವಿಯಲ್ಲಿ, "ಅಮ್ಮ, ಇವ್ರಿಗೆ ಟೇಸ್ಟ್ ಕರಾವೋ ನಾ" ಎಂದಳು, ರುಚಿ ತೋರಿಸೆಂದು. ನಾನು ಸೂರತ್ತಿಗೆ ವಾಪಸು ಬಂದವಳೇ ನಮ್ಮ ಇಡ್ಲಿ, ಸಾಂಬಾರಿನ ಡಬ್ಬಗಳನ್ನು ಐಸಿನಲ್ಲಿಟ್ಟು ಮರುದಿನ ಬೆಳಗಿನ ರೈಲಿಗೆ ಮತ್ತೆ ಹೋದೆ. ಇಡ್ಲಿಯನ್ನು ಅವರು ಮೆಚ್ಚಿದರು. ಸಾಂಬಾರು ಬಾಯಿಗಿಟ್ಟು ಬಟ್ಟಲು ಕೆಳಗಿಟ್ಟರು. "ಬೆನ್, ಆ ತೊ ಮಾರಿ ಬಾ ನಿ ದಾಳ್ ಛೆ" ಎಂದರು. ಇದು ನಮ್ಮಮ್ಮ ಮಾಡುವ ಸಿಹಿ ದಾಲ್, ಅದನ್ನು ತಿನ್ನಲು ನಮ್ಮ ಮನೆಯೇ ಇದೆ, ಉಡುಪಿಯವರ ಹತ್ತಿರ ಬಂದಾಗ ಉಡುಪಿಯದ್ದೇ ಬೇಕು ಎಂದು ನಗುತ್ತಲೇ ಹೇಳಿದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಯೋಚಿಸಿ ನೋಡಿ. ನಮ್ಮ ಕಡೆ ಸಾಂಬಾರಿಗೆ ಬೆಲ್ಲ ಹಾಕುವುದಿಲ್ಲವೆಂದಲ್ಲ, ಒಂದು ಚೂರು ಹಾಕುತ್ತೇವೆ. ಸೂರತ್ತಿಗೆ ಬಂದ ಹೊಸತರಲ್ಲಿ ಗಿರಾಕಿಗಳು ಖಾರ ಎಂದು ಮುಖ ಕಿವುಚಿದರೆಂದು ಇನ್ನೊಂದು ಚೂರು ಸೇರಿತು. ವರ್ಷ ಹೋದಂತೆ ಚೂರು ಮುಷ್ಟಿಯಾಯಿತು, ನಮಗೇ ತಿಳಿಯಲಿಲ್ಲ. ಅಮೆರಿಕದ ಗುಜರಾತಿ ಅಂಗಡಿಯವರು ಅದನ್ನೇ ಚಪ್ಪರಿಸಿದರು, ನಾವು ಅದೇ ನಮ್ಮ ರುಚಿ ಎಂದುಕೊಂಡೆವು. ಮನೆಗೆ ಬಂದು ಹೊಸದಾಗಿ ಮಸಾಲೆ ಹುರಿಯಲು ನಿಂತರೆ ನನ್ನ ಕೈ ತಾನಾಗಿಯೇ ಬೆಲ್ಲದ ಡಬ್ಬಕ್ಕೆ ಹೋಗುತ್ತಿತ್ತು. ಕೊನೆಗೆ ನಮ್ಮ ಫ್ಯಾಕ್ಟರಿಯ ಹಂಸಾಬೆನ್ ಆ ಡಬ್ಬವನ್ನು ತನ್ನ ಸೆರಗಿನಡಿ ಇಟ್ಟುಕೊಂಡು ಹೊರಗೆ ಹೋಗಿ ಕುಳಿತಳು. ಬ್ಯಾಡಗಿ ಮೆಣಸು, ಕೊತ್ತಂಬರಿ, ನಾಲ್ಕೇ ಕಾಳು ಮೆಂತ್ಯ, ಕೊಬ್ಬರಿ ಎಣ್ಣೆಯಲ್ಲಿ ಹುರಿದ ಕಾಯಿ. ಎರಡು ಸಲ ಕೆಟ್ಟಿತು. ಮೂರನೆಯ ಸಲ ಕುದಿ ಬಂದಾಗ ಎದ್ದ ಪರಿಮಳಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಮೆಣಸಿನ ಘಾಟಿಗಲ್ಲ. ನೀವು ಪಕ್ಕದಲ್ಲಿರಬೇಕಿತ್ತು ಎಂದು ಅವತ್ತು ಬಹಳ ಅನ್ನಿಸಿತು.

ಅದನ್ನು ಹೊತ್ತು ಮತ್ತೆ ಮಂಜಲ್‌ಪುರಕ್ಕೆ ಹೋದೆ. ಜಯಂತಿಭಾಯಿ ಬಟ್ಟಲು ಖಾಲಿ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ಆಮೇಲೆ ವ್ಯಾಪಾರದ ಮಾತು. ಇಂಗ್ಲೆಂಡಿನ ಜೊತೆ ನಮ್ಮ ದೇಶದ ವ್ಯಾಪಾರ ಒಪ್ಪಂದಕ್ಕೆ ಜುಲೈಯಲ್ಲಿ ಸಹಿ ಬಿದ್ದಿದೆಯಲ್ಲ, ಜಾರಿಗೆ ಬರಲು ಇನ್ನೂ ಸಮಯವಿದೆಯಂತೆ. ಅದು ಬಂದು ಸುಂಕ ಇಳಿದ ಮೇಲೆ ಎಲ್ಲರೂ ನುಗ್ಗುತ್ತಾರೆ, ಅಷ್ಟರೊಳಗೆ ನಿಮ್ಮ ಡಬ್ಬ ನನ್ನ ಅಂಗಡಿಗಳ ಫ್ರೀಜರಿನಲ್ಲಿ ಜಾಗ ಹಿಡಿದಿರಬೇಕು ಎಂದರು. ಮೊದಲಿಗೆ ಒಂದು ಕಂಟೇನರ್ ಕೇಳಿದ್ದಾರೆ. ಅಮೆರಿಕದ ಮುಂದೆ ಇದು ಏನೂ ಅಲ್ಲ, ನೀವು ಹೇಳುವ ಮೊದಲೇ ನಾನೇ ಹೇಳುತ್ತೇನೆ. ಈ ಚಳಿಗಾಲ ಕಷ್ಟವೇ.

ಅದಕ್ಕೇ ಕೆಲಸದ ಹೆಂಗಸರನ್ನೆಲ್ಲ ಕೂರಿಸಿ ನಿಜ ಹೇಳಿದೆ. ನೀವು ಅವರಿಗೆ ಹೇಳದೆ ಯಂತ್ರ ತರಿಸಲು ಹೊರಟದ್ದು ಮೋಸ ಮಾಡಲಿಕ್ಕಲ್ಲ, ಹಂಸಾಬೆನ್‌ಳ ಮುಖ ನೋಡಿ ಹೇಳಲು ನಿಮ್ಮಿಂದ ಆಗಲಿಲ್ಲ, ಅಷ್ಟೇ ಎಂದು ನನಗೆ ಗೊತ್ತು. ಅರ್ಧ ಜನರನ್ನು ಬಿಡಿಸುವುದೋ, ಎಲ್ಲರೂ ಕಡಿಮೆ ದಿನ ಕೆಲಸ ಮಾಡುವುದೋ ಎಂದು ಕೇಳಿದೆ. ಅವರು ತಮ್ಮತಮ್ಮೊಳಗೆ ಗುಜುಗುಜು ಮಾಡಿದರು. ಆಮೇಲೆ ಹಂಸಾಬೆನ್ ಎದ್ದು, "ಭಾಭಿ, ಚಾರ್ ದಿವಸ್ ಚಾಲಶೆ. ಪಣ್ ಮಶೀನ್ ನ ಜವಾ ದೇತಾ" ಎಂದಳು. ವಾರಕ್ಕೆ ನಾಲ್ಕು ದಿನವಾದರೂ ನಡೆಯುತ್ತದೆ, ಯಂತ್ರ ಮಾತ್ರ ಹೋಗಲು ಬಿಡಬೇಡಿ ಎಂದು. ನಾನು ಬಿಡುವುದಿಲ್ಲ ಎಂದೆ. ಈ ಮಾತು ಕೊಡುವಾಗ ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ನೀವು ಎರಡು ದಿನ ಯೋಚಿಸುತ್ತೇನೆ ಎನ್ನುತ್ತಿದ್ದಿರಿ. ನನಗೂ ಭಯವಿದೆ. ಭಯ ಇಲ್ಲ ಎಂದು ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಆದರೆ ಅಲ್ಲಿಗೆ ಬಂದು ಇನ್ನೊಬ್ಬರ ಸುಂಕದ ನೆರಳಲ್ಲಿ ಕೂರುವ ಭಯಕ್ಕಿಂತ ಇಲ್ಲಿಯ ಭಯ ನನಗೆ ವಾಸಿ.

ಭಾವನಿಗೆ ಬೇಸರ ಮಾಡಬೇಡಿ, ಅವರು ನಮ್ಮ ಒಳ್ಳೆಯದಕ್ಕೇ ಕರೆದದ್ದು. ಅವರಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ. ಹೊರಗೆ ಬಿಸಿಲಿಗೆ ಹೋಗುವಾಗ ಟೋಪಿ ಹಾಕಿಕೊಳ್ಳಿ. ಅಮ್ಮನವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ರುಕ್ಮಿಣಿ

ತಾ.ಕ.: ಪತ್ರ, ಪುಡಿ ತೆಗೆದುಕೊಳ್ಳಲು ಬಂದ ರಾಘವ ಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಯಂತ್ರ ಒಯ್ಯಲು ನೀವು ಗೊತ್ತುಮಾಡಿದ್ದ ಲಾರಿ ಒಂದು ಗಂಟೆಯ ಹಿಂದೆ ಬಂತು, ಬಿಚ್ಚುವ ಕೆಲಸದವರೂ ಬಂದರು. ಎಲ್ಲರಿಗೂ ಹೊಟ್ಟೆ ತುಂಬ ಇಡ್ಲಿ ಹಾಕಿ ಖಾಲಿ ಲಾರಿಯನ್ನು ವಾಪಸು ಕಳಿಸಿದ್ದೇನೆ. ಸ್ಟೀಮರ್ ಹೊತ್ತಿಸಿಯಾಯಿತು, ಲೆಸ್ಟರ್‌ನ ಮೊದಲ ಸುತ್ತು ಬೇಯುತ್ತಿದೆ. ಯಂತ್ರ ಇಲ್ಲೇ ಇರುತ್ತದೆ, ನಾನೂ ಇಲ್ಲೇ ಇರುತ್ತೇನೆ. ನೀವು ಎಲ್ಲಿರುತ್ತೀರಿ ಎಂಬುದನ್ನು ದೀಪಾವಳಿಯೊಳಗೆ ತಿಳಿಸಿ.