ಯಾರ ಮನೆಯ ಸೂಜಿ

ಮಂಗಳವಾರ, ಅಕ್ಟೋಬರ್ 14. ಚಿಗಳ್ಳಿ

ಹೆರಿಗೆಗೆಂದು ತವರಿಗೆ ಬಂದು ವಾರವಾಯಿತು, ಹುಟ್ಟುವ ಕೂಸಿಗೆ ನಾಯಿಕೆಮ್ಮು ತಗಲದಿರಲೆಂದು ಬಸುರಿಯರಿಗೆ ಹಾಕುವ ಲಸಿಕೆ ಇನ್ನೂ ಆಗಿಲ್ಲ. ಈ ತಿಂಗಳೊಳಗೇ ಹಾಕಿಸಿಕೊಳ್ಳಬೇಕು ಎಂದಿದ್ದಾರೆ ಡಾಕ್ಟರು. ಹೊರಡುವ ಮೊದಲು ಗಂಡನ ಹಳ್ಳಿ ಇಂದೂರಿನಲ್ಲಿ ಅತ್ತೆಯನ್ನು ಕೇಳಿದ್ದೆ. "ಚೊಚ್ಚಲ ಹೆರಿಗಿ ತವರಿನವರದು, ಅವರೇ ನೋಡ್ಕೊಳ್ಳಲಿ" ಎಂದರು. ಇವತ್ತು ಅವ್ವನನ್ನು ಕೇಳಿದೆ. "ಕೂಸು ಅವರ ಮನೀದು. ಅವರನ್ನ ಕೇಳಲಾರದ ಸೂಜಿ ಮಾಡಿಸಿ ಏನರ ಆದ್ರ ಮಾತು ನಮ್ಮ ಮ್ಯಾಲ ಬರ್ತೈತಿ."

ಅಕ್ಕ ತುಳಜಾಳ ಎರಡು ತಿಂಗಳ ಕೂಸು ಇದೇ ಕೆಮ್ಮಿಗೆ ನೀಲಿಗಟ್ಟಿದಾಗ ನನ್ನ ಮಡಿಲಲ್ಲಿತ್ತು. ಅದರ ಉಸಿರು ಮರಳುವವರೆಗೆ ಅದು ಯಾರ ಮನೆಯ ಕೂಸೆಂದು ಯಾರೂ ಕೇಳಲಿಲ್ಲ.

ನಾಳೆ ಮೊದಲ ಬಸ್ಸಿಗೆ ಮುಂಡಗೋಡಕ್ಕೆ ಹೋಗಿ ಹಾಕಿಸಿಕೊಂಡೇ ಬರುತ್ತೇನೆ. ಆಮೇಲೆ ಇಬ್ಬರಿಗೂ ನಾನೇ ಹೇಳುತ್ತೇನೆ. ಬೈಯುವುದಾದರೆ ಅವ್ವ, ಅತ್ತೆ ಇಬ್ಬರೂ ಸೇರಿ ಬೈಯಲಿ. ಕೂಸಿನ ವಿಷಯದಲ್ಲಿ ಒಮ್ಮೆಯಾದರೂ ಒಂದಾಗಲಿ.